ಒಂದು ಲೋಟ ತಣ್ಣೀರಿನ ಲೆಕ್ಕ



ಒಮ್ಮೆ ಪ್ರವಾದಿವರ್ಯರು(ಸ) ಮನೆಯಿಂದ ಹೊರಬಂದಾಗ ಅಬೂಬಕ್ಕರ್(ರ) ಮತ್ತು ಉಮರ್(ರ) ಎದುರಾದರು. ಮೂವರನ್ನೂ ಹೊರಗೆ ತಂದದ್ದು ಹಸಿವು. ಅವರು ಓರ್ವ ಅನ್ಸಾರಿಯ ಮನೆಗೆ ಹೋದರು. ಸಿಹಿನೀರು ತರಲು ಹೋಗಿದ್ದ ಆ ಸಹಾಬಿ ಮರಳಿ ಬಂದು, ಅತಿಥಿಗಳನ್ನು ಕಂಡು ಸಂತೋಷದಿಂದ ಅಲ್ಲಾಹನನ್ನು ಸ್ತುತಿಸಿದರು. ಖರ್ಜೂರದ ಗೊನೆಯನ್ನು ಮುಂದಿಟ್ಟರು, ಕುರಿ ಕೊಯ್ದು ಉಣಬಡಿಸಿದರು. ಹೊಟ್ಟೆ ತುಂಬಿದ ಬಳಿಕ ಪ್ರವಾದಿವರ್ಯರು(ಸ), ಅಂತ್ಯದಿನದಂದು ಈ ಅನುಗ್ರಹದ ಕುರಿತೂ ವಿಚಾರಣೆಯಾಗಲಿದೆ ಎಂದು ಸಂಗಾತಿಗಳಿಗೆ ನೆನಪಿಸಿದರು. ನೆರಳು, ಖರ್ಜೂರ, ತಣ್ಣೀರು ಇವನ್ನು ಅವರು ಹೆಸರಿಸಿ ಹೇಳಿದರೆಂದು ತಿರ್ಮಿದಿಯ ವರದಿಯಲ್ಲಿದೆ.

ಹಸಿದು ಬಂದವರಿಗೇ ಈ ವಿಚಾರಣೆಯಾದರೆ ನಮಗೆ ಎಷ್ಟಿರಬೇಡ!

2024ರ ಬೇಸಗೆಯಲ್ಲಿ ಬೆಂಗಳೂರಿನ ಎಷ್ಟೋ ಕೊಳವೆಬಾವಿಗಳು ಬತ್ತಿದವು. ಕೊಡ ಹಿಡಿದು ಟ್ಯಾಂಕರಿಗೆ ಕಾದವರಿಗೆ ನೀರಿನ ಬೆಲೆ ತಿಳಿಯಿತು. ಮಳೆ ಬಂದೊಡನೆ ಮರೆತೆವು. ಸುಮಾರು 100 ಕಿಲೋಮೀಟರ್ ದೂರದಿಂದ ಜಯನಗರ, ಬನಶಂಕರಿಯ ನಲ್ಲಿಗಳಿಗೆ ಬರುವ ಕಾವೇರಿ ನೀರನ್ನು ನಾವು ನಿಂತುಕೊಂಡೇ, ಮೊಬೈಲ್ ನೋಡುತ್ತಲೇ ಕುಡಿದು ಮುಗಿಸುತ್ತೇವೆ. ಆರಂಭದಲ್ಲಿ ಬಿಸ್ಮಿಲ್ಲಾಹ್ ಇಲ್ಲ, ಕೊನೆಯಲ್ಲಿ ಅಲ್‌ಹಮ್ದುಲಿಲ್ಲಾಹ್ ಇಲ್ಲ.

ನಮಗಿರುವ ಕೊರತೆ ಅನುಗ್ರಹದ್ದಲ್ಲ, ಅದನ್ನು ಗುರುತಿಸುವ ಬಿಡುವಿನದ್ದು. ಆರೋಗ್ಯ ಮತ್ತು ಬಿಡುವು, ಈ ಎರಡು ಅನುಗ್ರಹಗಳ ವಿಷಯದಲ್ಲಿ ಹೆಚ್ಚಿನ ಜನರು ನಷ್ಟ ಹೊಂದುತ್ತಾರೆಂದು ಬುಖಾರಿಯ ಹದೀಸ್ ಎಚ್ಚರಿಸುತ್ತದೆ. ಮಕ್ಕಳು ಏಳುವ ಮುನ್ನ ಬಿಟಿಎಂ ಲೇಔಟ್‌ನ ಮನೆ ಬಿಟ್ಟು, ಅವರು ಮಲಗಿದ ಮೇಲೆ ಮರಳುವ ತಂದೆಯನ್ನು ಕೇಳಿ: ಯಾರಿಗಾಗಿ ಈ ದುಡಿಮೆ? ಮಕ್ಕಳಿಗಾಗಿ ಎನ್ನುತ್ತಾರೆ. ಹಲಾಲ್ ಸಂಪಾದನೆ ಪುಣ್ಯಕಾರ್ಯವೇ. ಆದರೆ ಇನ್ನೊಂದು ಸೈಟು, ಇನ್ನೊಂದು ಕಾರು ಎಂಬ ಪೈಪೋಟಿ ಗೋರಿಯವರೆಗೂ ಮನುಷ್ಯನನ್ನು ಮರೆವಿನಲ್ಲಿಡುತ್ತದೆಂದು ಸೂರಃ ಅತ್ತಕಾಸುರ್ ತಿಳಿಸುತ್ತದೆ. ಮಗು ಕಾಯುತ್ತಿರುವುದು ಸೈಟಿಗಲ್ಲ, ಅಬ್ಬಾನ ಮಡಿಲಿಗೆ.

ಆದ್ದರಿಂದ ಫಜ್ರ್ ನಮಾಝ್‌ನ ಬಳಿಕ ಹತ್ತು ನಿಮಿಷ ಮೊಬೈಲ್ ಮುಟ್ಟದೆ ಕುಳಿತುಕೊಳ್ಳಿ. ಅಲ್ಲಾಹನ ಸ್ಮರಣೆಯಿಂದಲೇ ಹೃದಯಕ್ಕೆ ಶಾಂತಿ ಎಂಬುದು ಕುರ್‌ಆನಿನ ಬೋಧನೆ. ಭಾನುವಾರ ಮಕ್ಕಳ ಕೈಹಿಡಿದು ಲಾಲ್‌ಬಾಗಿಗೆ ಹೋಗಿ. 1760ರಲ್ಲಿ ಹೈದರಲಿ ಆರಂಭಿಸಿದ, ಟಿಪ್ಪು ಸುಲ್ತಾನ್ ಬೆಳೆಸಿದ ತೋಟವದು. ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಬೆಟ್ಟಗಳನ್ನು ಹೇಗೆ ನೆಲೆನಿಲ್ಲಿಸಲಾಗಿದೆಯೆಂದು ನೋಡಲು ಕುರ್‌ಆನ್ ಕರೆಕೊಡುತ್ತದೆ. ಆ ಬಂಡೆಯ ಮೇಲೆ ಕುಳಿತು ಮಕ್ಕಳೊಂದಿಗೆ ಕಡಲೆಕಾಯಿ ತಿನ್ನಿ, ಅವರ ಮಾತು ಕೇಳಿ.

ಇದರಿಂದ ಬಾಡಿಗೆ, ಶಾಲಾ ಶುಲ್ಕದ ಚಿಂತೆ ತೀರುವುದಿಲ್ಲ, ನಿಜ. ಹಸಿದವನಿಗೆ ತೃಪ್ತನಾಗಿರೆಂದು ಉಪದೇಶಿಸುವುದೂ ಧರ್ಮವಲ್ಲ. ಆ ಅನ್ಸಾರಿ ಉಪದೇಶ ಮಾಡಲಿಲ್ಲ, ಬಾಗಿಲು ತೆರೆದು ಉಣಬಡಿಸಿದರು. ಅಂದು ಹಂಚಿದವರ ಸಂತೋಷ ಉಂಡವರ ಸಂತೋಷಕ್ಕಿಂತ ಕಡಿಮೆಯಾಗಿರಲಿಲ್ಲ. ನಿಮ್ಮ ನೆರೆಮನೆಯ ಒಲೆ ಉರಿದಿದೆಯೇ ಎಂದು ವಿಚಾರಿಸಿ.

ಇಂದು ರಾತ್ರಿ ಒಂದು ಲೋಟ ನೀರನ್ನು ಕುಳಿತು, ನಿಧಾನವಾಗಿ ಕುಡಿಯಿರಿ. ನಾಳೆ ಇದರ ಬಗ್ಗೆ ಕೇಳಲಾದರೆ ಏನು ಉತ್ತರಿಸಲಿ ಎಂದು ಯೋಚಿಸಿರಿ. ಕೃತಜ್ಞತೆಯುಳ್ಳ ಹೃದಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.