ಊಟ ಆಯ್ತಾ?

ಫಿನ್‌ಲ್ಯಾಂಡ್ ದೇಶದವರ ಭಾಷೆಯಲ್ಲಿ ‘ದಯವಿಟ್ಟು’ ಎನ್ನುವುದಕ್ಕೆ ನೇರವಾದ ಒಂದು ಪದವಿಲ್ಲ. ಇದನ್ನು ಹೇಳಿದರೆ ನಮ್ಮ ಗೆಳತಿಯರು ಥಟ್ಟನೆ, “ಅಯ್ಯೋ, ಎಂಥ ಒರಟು ಜನ!” ಎನ್ನುತ್ತಾರೆ. ನೀವೇ ಯೋಚಿಸಿ ನೋಡಿ, ನಮ್ಮ ಅಡುಗೆಮನೆಯಲ್ಲಿ ಯಾರಾದರೂ “ದಯವಿಟ್ಟು ಉಪ್ಪು ಕೊಡಿ” ಎಂದದ್ದುಂಟೆ? ‘ದಯವಿಟ್ಟು’ ನಮ್ಮಲ್ಲಿ ಬಸ್‌ಸ್ಟ್ಯಾಂಡಿನ ಬೋರ್ಡಿಗೆ, ಬ್ಯಾಂಕಿನಿಂದ ಬರುವ ಕಾಗದಕ್ಕೆ ಸೇರಿದ ಪದ. ಮನೆಯೊಳಗೆ “ಒಂಚೂರು ಉಪ್ಪು ಕೊಡ್ತೀರಾ” ಎಂದರೆ ಆಯಿತು. ವಿನಯವೆಲ್ಲ ಆ ‘ಒಂಚೂರು’ವಿನಲ್ಲಿ, ಆ ಕೊನೆಯ ‘ರಾ’ದಲ್ಲಿ ಅಡಗಿ ಕೂತಿರುತ್ತದೆ. ಫಿನ್ನಿಷರೂ ಹಾಗೆಯೇ ಕ್ರಿಯಾಪದದ ನಡುವೆ ‘ಇಸಿ’ ಎಂದು ಸೇರಿಸಿ “ಸಿಗಬಹುದೇನೋ” ಎಂಬ ಧ್ವನಿ ತರುತ್ತಾರೆ, ಕೊನೆಗೆ ‘ಕೀತೊಸ್’ ಎಂದು ವಂದಿಸಿ ಮುಗಿಸುತ್ತಾರೆ.

ಪದವಿಲ್ಲದೆಯೂ ವಿನಯ ಇರಬಹುದು ಎಂದಾಯಿತು. ಹಾಗಾದರೆ ಪದವಿದ್ದ ಮಾತ್ರಕ್ಕೆ ಅದರ ಹಿಂದೆ ಮನಸ್ಸೂ ಇದೆ ಎನ್ನಬಹುದೇ? ದಿನಕ್ಕೆ ಹತ್ತಾರು ಸಲ ನಾವು ಆಡುವ ಉಪಚಾರದ ಮಾತುಗಳು ನಿಜವೋ, ಸುಳ್ಳೋ, ಎರಡೂ ಅಲ್ಲದ ಇನ್ನೇನೋ? ಮೂವತ್ತು ವರ್ಷ ಹಾಸನದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದ ನನಗೆ ಈ ಪ್ರಶ್ನೆ ಹುಟ್ಟಿದ್ದು ಅಲ್ಲಿ, ಆ ದೂರದ ಚಳಿಯಲ್ಲಿ.

2022ರ ಅಕ್ಟೋಬರ್ ಕೊನೆಯಲ್ಲಿ ಮಗಳ ಬಾಣಂತನಕ್ಕೆಂದು ಎಸ್ಪೂ ನಗರಕ್ಕೆ ಹೋದೆ. ರಾಜಧಾನಿ ಹೆಲ್ಸಿಂಕಿಗೆ ಅಂಟಿಕೊಂಡಿರುವ ಊರು. ಸಾಫ್ಟ್‌ವೇರ್ ಕೆಲಸಕ್ಕೆಂದು ಹೋದ ನಮ್ಮ ಕಡೆಯ ಹುಡುಗ ಹುಡುಗಿಯರು ಅಲ್ಲಿ ಕಾಣಸಿಗುತ್ತಾರೆ. ಡಿಸೆಂಬರ್ ಹೊತ್ತಿಗೆ ಬೆಳಿಗ್ಗೆ ಒಂಬತ್ತೂಕಾಲು ದಾಟಿದ ಮೇಲೆ ಹುಟ್ಟುವ ಸೂರ್ಯ ಮಧ್ಯಾಹ್ನ ಮೂರೂಕಾಲಿಗೆಲ್ಲ ಮುಳುಗಿಬಿಡುತ್ತಿದ್ದ. ಎದುರು ಮನೆಯಲ್ಲಿ ಎಪ್ಪತ್ತನಾಲ್ಕರ ಒಬ್ಬ ಹೆಂಗಸು, ಗಂಡ ತೀರಿಕೊಂಡ ಮೇಲೆ ಒಂಟಿಯಾಗಿದ್ದವರು. ಅವರೂ ನಿವೃತ್ತ ಟೀಚರು, ನನ್ನಷ್ಟೇ ನಿಧಾನವಾಗಿ ಇಂಗ್ಲಿಷ್ ಮಾತಾಡುವವರು. ಮೊದಲ ಎರಡು ವಾರ ಮೆಟ್ಟಿಲ ಬಳಿ ಕಂಡರೆ ತಲೆ ಬಾಗಿಸಿ ಹೋಗುತ್ತಿದ್ದರು, ಅಷ್ಟೆ. ಮೂರನೆಯ ವಾರ ಬಾಗಿಲು ತಟ್ಟಿ, ಮಗುವಿಗೆಂದು ತಾವೇ ಹೆಣೆದ ಉಣ್ಣೆಯ ಕಾಲುಚೀಲ ಕೊಟ್ಟು, ಕೂರಿ ಎನ್ನುವಷ್ಟರಲ್ಲಿ ಹೊರಟುಹೋದರು.

ಆಮೇಲೆ ಪರಿಚಯ ಬೆಳೆದದ್ದು ವ್ಯಾಕರಣದ ಮೂಲಕ ಎಂದರೆ ನೀವು ನಗುತ್ತೀರಿ. ನಮ್ಮ ವಿಭಕ್ತಿ ಪ್ರತ್ಯಯ ಏಳನ್ನು ಬಾಯಿಪಾಠ ಮಾಡಿಸಲು ಮಕ್ಕಳೊಡನೆ ಹೆಣಗಿದವಳು ನಾನು. ಅವರ ಭಾಷೆಯಲ್ಲಿ ಹದಿನೈದು! ನಮ್ಮ ಹಾಗೆಯೇ ಪದದ ಬಾಲಕ್ಕೆ ಬಾಲ ಜೋಡಿಸುತ್ತ ಹೋಗುತ್ತಾರೆ. “ಬರ್ತೀಯಾ?” ಎನ್ನಲು ನಾವು ಕೊನೆಗೊಂದು ‘ಆ’ ಸೇರಿಸಿದರೆ ಅವರು ‘ಕೊ’ ಸೇರಿಸಿ “ತುಲೆತ್ಕೊ?” ಎನ್ನುತ್ತಾರೆ. ಉತ್ತರವೂ ನಮ್ಮಂತೆ, ‘ಹೌದು’ ಎನ್ನುವ ಬದಲು “ತುಲೆನ್”, ಬರ್ತೀನಿ. ‘ನಾನು ಹೊಂದಿದ್ದೇನೆ’ ಎನ್ನುವ ಕ್ರಿಯಾಪದ ಅವರಲ್ಲೂ ಇಲ್ಲ. “ನನ್ನಲ್ಲಿ ಇದೆ” ಎನ್ನುವುದಕ್ಕೆ “ಮಿನುಲ್ಲ ಒನ್” ಎನ್ನುತ್ತಾರೆ. ಆ ‘ಲ್ಲ’ ಕೇಳಿ ನನಗೆ ಮೈ ಜುಮ್ಮೆಂದಿತು. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ಕಾಲ್ಡ್‌ವೆಲ್‌ಗೂ ಇಂಥ ಹೋಲಿಕೆಗಳು ಕಂಡು, ಎರಡು ಕಡೆಗೂ ನೆಂಟಸ್ತನ ಇರಬೇಕು ಎನ್ನಿಸಿತ್ತು. ಇಂದಿನ ವಿದ್ವಾಂಸರು ಅದನ್ನು ಸಿದ್ಧವಾದ ಸಂಗತಿಯೆಂದು ಒಪ್ಪುವುದಿಲ್ಲ. ನೆಂಟಸ್ತನ ಇಲ್ಲದಿದ್ದರೂ ಮುಖ ಹೋಲುವುದುಂಟಲ್ಲ!

ಅವರನ್ನು ಏನೆಂದು ಕರೆಯುವುದು ಎಂಬ ಸಮಸ್ಯೆ ಬಂತು. ಅಲ್ಲಿ ಎಲ್ಲರೂ ಎಲ್ಲರಿಗೂ ಹೆಸರು ಹಿಡಿದೇ ಕರೆಯುತ್ತಾರೆ. ನನಗಿಂತ ಹನ್ನೆರಡು ವರ್ಷ ದೊಡ್ಡವರ ಹೆಸರು ನನ್ನ ನಾಲಿಗೆಗೆ ಬರಲೊಲ್ಲದು. ‘ಅಕ್ಕ’ ಎನ್ನೋಣವೆಂದರೆ ಮಗಳು ಮೊದಲೇ ಎಚ್ಚರಿಸಿದಳು. “ಅಮ್ಮಾ, ಇವರ ಭಾಷೆಯಲ್ಲಿ ಅಕ್ಕ ಅಂದ್ರೆ ಮುದಿ ಗೊಡ್ಡು ಅಂತ ಅರ್ಥ, ಬೈಗುಳ!” ನಾನು ಎರಡೂ ಅರ್ಥವನ್ನು ಅವರ ಮುಂದಿಟ್ಟೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಮುಖ ಒಂದಿಷ್ಟೂ ಸಡಿಲಿಸದೆ, “ಎರಡೂ ನನಗೆ ಹೊಂದುತ್ತವೆ. ಹಾಗೇ ಕರೆಯಿರಿ” ಎಂದರು.

ಅವನು, ಅವಳು ಎಂಬ ಭೇದವೂ ಆ ಭಾಷೆಯಲ್ಲಿಲ್ಲ. ಇಬ್ಬರಿಗೂ ‘ಹ್ಯಾನ್’. ಆಡುಮಾತಿನಲ್ಲಂತೂ ಮನುಷ್ಯರನ್ನು ‘ಸೆ’, ಅಂದರೆ ‘ಅದು’ ಎಂದುಬಿಡುತ್ತಾರೆ, ಸಾಕಿದ ನಾಯಿಬೆಕ್ಕನ್ನು ಮುದ್ದಿಗೆ ‘ಹ್ಯಾನ್’ ಎನ್ನುತ್ತಾರೆ. “ಮಗು ಅಳ್ತಾ ಇದೆ” ಎನ್ನುವ ನಾವು ನಗುವಂತಿಲ್ಲ. ಗಂಡನಿಗೆ ‘ಅವರು’, ಹೆಂಡತಿಗೆ ‘ಅವಳು’ ಎಂದು ಬೆಳೆದ ನಮಗೆ ಆ ‘ಹ್ಯಾನ್’ ಕೇಳಿ ಆಸೆಯಾಗುವುದು ಸಹಜ. ಆ ದೇಶ 1906ರಲ್ಲೇ ಹೆಂಗಸರಿಗೆ ಮತ ಹಾಕುವ, ಚುನಾವಣೆಗೆ ನಿಲ್ಲುವ ಹಕ್ಕು ಕೊಟ್ಟಿತು, ಮರುವರ್ಷ 19 ಮಂದಿ ಹೆಂಗಸರು ಸಂಸತ್ತಿಗೆ ಬಂದರು. ಇದೆಲ್ಲ ಸರ್ವನಾಮದ ಮಹಿಮೆ ಎನ್ನೋಣವೆಂದರೆ, ನಮ್ಮ ಬಂಗಾಳಿಯಲ್ಲೂ ಅವನು ಅವಳು ಭೇದವಿಲ್ಲ. ಅಷ್ಟರಿಂದಲೇ ಅಲ್ಲಿನ ಹೆಂಗಸರ ಕಷ್ಟ ತೀರಲಿಲ್ಲವಲ್ಲ! ಪದ ತಾನಾಗಿ ಏನನ್ನೂ ಮಾಡುವುದಿಲ್ಲ. ಆಡುವವರು ಅದರ ಬೆನ್ನಿಗೆ ನಿಲ್ಲಬೇಕು.

ಇಲ್ಲಿಂದಲೇ ನಮ್ಮ ನಿಜವಾದ ಚರ್ಚೆ ಶುರುವಾದದ್ದು. ಕಂಡಾಗಲೆಲ್ಲ ನಾನು “ಊಟ ಆಯ್ತಾ?” ಎಂದು ಕೇಳುತ್ತಿದ್ದೆ, ಇಂಗ್ಲಿಷಿನಲ್ಲೇ. ಅವರು ನಿಂತು, ಆಲೂಗಡ್ಡೆ ಎಷ್ಟು, ಮೀನು ಯಾವುದು ಎಂದು ವಿವರವಾಗಿ ಹೇಳುತ್ತಿದ್ದರು. ಒಂದು ದಿನ ಕೇಳಿಯೇಬಿಟ್ಟರು: “ನನ್ನ ಊಟದ ಲೆಕ್ಕ ನಿಮಗೇಕೆ?” ಅದು ಊಟದ ಲೆಕ್ಕವಲ್ಲ, ಕ್ಷೇಮ ವಿಚಾರಿಸುವ ರೀತಿ ಎಂದೆ. ಅವರಲ್ಲೂ “ಮಿತಾ ಕೂಲೂ?” ಎಂಬ ಮಾತಿದೆ, ‘ಏನು ಕೇಳಿಬರುತ್ತಿದೆ’ ಎಂದಂತೆ. “ಆದರೆ ಉತ್ತರ ಕೇಳುವಷ್ಟು ಪುರುಸೊತ್ತಿದ್ದರೆ ಮಾತ್ರ ನಾನು ಹಾಗೆ ಕೇಳುತ್ತೇನೆ,” ಎಂದರು. “ಇಲ್ಲದಿದ್ದರೆ ತಲೆ ಬಾಗಿಸಿ ಹೋಗುತ್ತೇನೆ. ಪುರುಸೊತ್ತಿಲ್ಲದೆ ಕೇಳುವುದು ಮೋಸವಲ್ಲವೇ?”

ನಾನು ನಮ್ಮ ಕಡೆಯ ವಕಾಲತ್ತು ವಹಿಸಿದೆ. ಆ ಪ್ರಶ್ನೆ ಬಾಗಿಲಿಗೆ ಚಿಲಕ ಹಾಕಿಲ್ಲ ಎಂದು ತಿಳಿಸುವ ಸದ್ದು. ದುಃಖ ಇದ್ದವರು ತಾವಾಗಿ ಬಾಯಿ ಬಿಡಲಾರರು, ಅವರಿಗೊಂದು ನೆಪ ಬೇಕು ಎಂದೆ. ಅವರು ಕೇಳಿದರು, “ಚಿಲಕ ಹಾಕದ ಬಾಗಿಲಿನ ಹಿಂದೆ ಯಾರಾದರೂ ಇರುತ್ತಾರೆಯೇ?”

ಆಗ ನೆನಪಾದದ್ದು ನಮ್ಮ ಬೀದಿಯ ಒಬ್ಬ ಸೊಸೆ. ಎಲ್ಲರೂ ಕೇಳುತ್ತಿದ್ದರು, ಊಟ ಆಯ್ತಾ? ಅವಳು ಎಲ್ಲರಿಗೂ “ಆಯ್ತು” ಎನ್ನುತ್ತಿದ್ದಳು. ಪ್ರಶ್ನೆ ಮುಗಿಯುವಷ್ಟರಲ್ಲಿ ಕೇಳಿದವರು ಎರಡು ಮನೆ ದಾಟಿರುತ್ತಿದ್ದರು. ಮೂಲೆಮನೆಯ ಅಜ್ಜಿಯೊಬ್ಬರು ಮಾತ್ರ “ಆಯ್ತು” ಎಂದ ಮೇಲೂ ಕದಲಲಿಲ್ಲ. “ಏನ್ ಊಟ ಮಾಡ್ದೆ?” ಎಂದು ಕೇಳಿ, ಕೈಚೀಲ ಕೆಳಗಿಟ್ಟು ಅಲ್ಲೇ ನಿಂತರು. ಆ ಹುಡುಗಿಯ ಕಣ್ಣು ತುಂಬಿತು. ಎಲ್ಲರದೂ ಮುಗಿದು ಮಿಕ್ಕಿದರೆ ಅವಳಿಗೆ, ಮಿಕ್ಕದಿದ್ದರೆ ಇಲ್ಲ. ಅದು ತಿಂಗಳುಗಳಿಂದ ನಡೆದಿತ್ತು. ಅಜ್ಜಿ ಆ ಮನೆಯ ಹಿರಿಯರನ್ನು ಕಂಡು ಏನು ಹೇಳಿದರೋ, ಅವಳ ತಟ್ಟೆಗೆ ಹೊತ್ತಿಗೆ ಸರಿಯಾಗಿ ಅನ್ನ ಬೀಳತೊಡಗಿತು. ಎಲ್ಲರದೂ ಅದೇ ಎರಡು ಪದ. ಅಜ್ಜಿ ಕಾದರು, ಅಷ್ಟೇ ವ್ಯತ್ಯಾಸ.

ಇದನ್ನು ಕೇಳಿ ಆ ಅಕ್ಕ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಗಂಡ ಹಾಸಿಗೆ ಹಿಡಿದಿದ್ದ ಎರಡು ವರ್ಷ ಅಕ್ಕಪಕ್ಕದವರು ಗೌರವದಿಂದ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ಎಂದರು. “ಕರೆದಿದ್ದರೆ ಬರುತ್ತಿದ್ದರು. ಕರೆಯುವುದು ನನಗೆ ಗೊತ್ತಿರಲಿಲ್ಲ. ನಿಮ್ಮ ಊರಿನ ನೆಪ ಒಂದು ಇದ್ದಿದ್ದರೆ ಆಗುತ್ತಿತ್ತು.” ಮಾತಿಗೆ ಇರುವ ಹಾಗೆ ಮೌನಕ್ಕೂ ತನ್ನದೇ ಒಂದು ಪೊಳ್ಳು ಇರುತ್ತದೆ ಎಂದು ನನಗೆ ತಿಳಿದದ್ದು ಅವರಿಂದ.

ಜನವರಿಯಲ್ಲಿ ಸಕಲೇಶಪುರದಿಂದ ಫೋನು ಬಂತು. ನನ್ನ ದೊಡ್ಡಕ್ಕ ತೀರಿಕೊಂಡಿದ್ದಳು. ಹಸಿ ಬಾಣಂತಿಯನ್ನು ಬಿಟ್ಟು ಹೊರಡುವಂತಿರಲಿಲ್ಲ. ಊರಿನಿಂದ ಒಂದರ ಮೇಲೊಂದು ಕರೆ. “ಪುಣ್ಯವಂತೆ, ನರಳಲಿಲ್ಲ,” “ಯಾರ ಕೈಲೇನಿದೆ,” “ಸಮಾಧಾನ ಮಾಡ್ಕೊಳ್ಳಿ.” ಆ ಮಾತುಗಳನ್ನು ನಾನು ಹಳಿಯಲಾರೆ. ಯುಗಯುಗದಿಂದ ಸವೆದು ನುಣುಪಾದ ಮಾತುಗಳು, ಎದೆಗೆ ಚುಚ್ಚುವುದಿಲ್ಲ. ಸಂಜೆ ಎದುರು ಮನೆಯವರು ಬಂದರು. “ಅಕ್ಕ...” ಎಂದೆ. ಆ ಒಂದು ಪದಕ್ಕೆ ಅನುವಾದ ಬೇಕಾಗಲಿಲ್ಲ. ಕೈ ಹಿಡಿದು “ಒತನ್ ಒಸಾ” ಎಂದರು. ಸಾವಿನ ಮನೆಯಲ್ಲಿ ಅವರು ಹೇಳುವ ಮಾತು ಅದು. ಪದಕ್ಕೆ ಪದ ಇಟ್ಟರೆ ‘ನಾನೊಂದು ಪಾಲು ತೆಗೆದುಕೊಳ್ಳುತ್ತೇನೆ’ ಎಂದರ್ಥ. ಆಮೇಲೆ ಒಂದು ಗಂಟೆ ನನ್ನ ಪಕ್ಕ ಸುಮ್ಮನೆ ಕೂತಿದ್ದರು. ಮರುದಿನ ‘ಪುಲ್ಲ’ ಎಂಬ ತಮ್ಮ ಸಿಹಿ ಬನ್ನು ಬೇಯಿಸಿ ತಂದರು. ಅದಕ್ಕೆ ಏಲಕ್ಕಿ ಹಾಕುವುದು ಅಲ್ಲಿನ ವಾಡಿಕೆ. ಅಕ್ಕನ ತೋಟದ ವಾಸನೆ ಮನೆಯೆಲ್ಲ ತುಂಬಿತು.

ಅವರೂ ಹೇಳಿದ್ದು ಒಂದು ರೂಢಿಯ ಮಾತೇ, ಎಲ್ಲರೂ ಎಲ್ಲರಿಗೂ ಹೇಳುವಂಥದು. ಆದರೆ ಪಾಲು ತೆಗೆದುಕೊಳ್ಳುತ್ತೇನೆ ಎಂದವರು ಕೂತು ತೆಗೆದುಕೊಂಡರು. ಆದ್ದರಿಂದ ಉಪಚಾರದ ಮಾತು ಸುಳ್ಳೇ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಆಡುವ ಗಳಿಗೆಯಲ್ಲಿ ಅದು ನಿಜವೂ ಅಲ್ಲ, ಸುಳ್ಳೂ ಅಲ್ಲ. ಅದೊಂದು ಕೈಸಾಲದ ಚೀಟಿ. ಉತ್ತರಕ್ಕೆ ಕಾದರೆ ಸಾಲ ತೀರುತ್ತದೆ, ಕಾಯದೆ ನಡೆದರೆ ಬಾಕಿ ಉಳಿಯುತ್ತದೆ.

“ಊಟ ಆಯ್ತಾ” ಎಂಬ ಪ್ರಶ್ನೆಯನ್ನು ನಾವು ಬಿಡಬೇಕಾಗಿಲ್ಲ. ಅಂಥ ನೆಪ ಬಹಳ ಭಾಷೆಗಳಿಗೆ ಸಿಕ್ಕಿಲ್ಲ. ಎಲ್ಲರಿಗೂ ಎಲ್ಲ ದಿನವೂ ಕಾಯಲು ಆಗುವುದಿಲ್ಲ, ಒಲೆಯ ಮೇಲೆ ಹಾಲಿರುತ್ತದೆ, ಬಸ್ಸು ಬರುವ ಹೊತ್ತಾಗಿರುತ್ತದೆ. ದಿನಕ್ಕೆ ಒಬ್ಬರ ಬಳಿಯಾದರೂ ಕೇಳಿದ ಮೇಲೆ ಚೀಲ ಕೆಳಗಿಟ್ಟು ನಿಂತರೆ ಸಾಕು. ಯಾರ ಬಳಿ ನಿಲ್ಲಬೇಕು ಎನ್ನುತ್ತೀರಾ? ಬೇಗ “ಆಯ್ತು” ಎನ್ನುವವರ ಬಳಿ.