ಕ್ರೈಸ್ತ ಮೂಲತತ್ತ್ವವಾದ: ಒಂದು ವಿವೇಚನೆ

ಅನ್ಯಮತವನ್ನು ವಿಮರ್ಶಿಸುವವನು ಮೊದಲು ಅದನ್ನು ಅದರ ಅನುಯಾಯಿಗಳೂ ಒಪ್ಪುವಂತೆ ನಿರೂಪಿಸಬೇಕು. ಪೂರ್ವಪಕ್ಷವನ್ನು ಪ್ರಾಮಾಣಿಕವಾಗಿ ಮಂಡಿಸದೆ ಉತ್ತರಪಕ್ಷವನ್ನು ಹೇಳುವುದು ನ್ಯಾಯವಲ್ಲ. 2019ರ ಕೊನೆಯಲ್ಲಿ ಕನಕಪುರ ತಾಲ್ಲೂಕಿನ ಹಾರೋಬೆಲೆಯ ಕಪಾಲಬೆಟ್ಟದಲ್ಲಿ 114 ಅಡಿಗಳ ಏಸುಪ್ರತಿಮೆಯ ಯೋಜನೆ ವಿವಾದಕ್ಕೊಳಗಾದಾಗ, ನಮ್ಮ ಕೆಂಪಾಪುರದ ಕಡೆಯಲ್ಲಿಯೂ ಕ್ರೈಸ್ತರೆಲ್ಲರನ್ನು ‘ಮೂಲಭೂತವಾದಿಗಳು’ ಎನ್ನುವ ಮಾತು ಕೇಳಿಬಂದಿತು. ಈ ಪ್ರಯೋಗ ಸಾಧುವಲ್ಲ. ಹಾರೋಬೆಲೆಯವರು ಕಥೋಲಿಕರು, ಅವರಿಗೆ ಗ್ರಂಥದೊಡನೆ ಚರ್ಚಿನ ಪರಂಪರೆಯೂ ಪ್ರಮಾಣ. ಮೂಲತತ್ತ್ವವಾದವಾದರೋ ಅಮೆರಿಕದ ಪ್ರಾಟೆಸ್ಟಂಟರಲ್ಲಿ ಹುಟ್ಟಿದುದು.

ಡಾರ್ವಿನನ ವಿಕಾಸವಾದವೂ ಬೈಬಲಿನ ಐತಿಹಾಸಿಕ ವಿಮರ್ಶೆಯೂ ಹಬ್ಬಿದಾಗ, ನಂಬಿಕೆಯ ಬುಡವೇ ಅಲುಗಿತೆಂದು ಅನೇಕರು ಕಳವಳಗೊಂಡರು. 1910ರಿಂದ 1915ರ ವರೆಗೆ ‘ದಿ ಫಂಡಮೆಂಟಲ್ಸ್’ ಎಂಬ 12 ಸಂಪುಟಗಳು ಹೊರಬಂದುವು. ಲೈಮನ್ ಸ್ಟೀವರ್ಟ್ ಎಂಬ ತೈಲೋದ್ಯಮಿ ತನ್ನ ಸೋದರನೊಡನೆ ಅವುಗಳ ವೆಚ್ಚವನ್ನು ವಹಿಸಿ, ಧರ್ಮಬೋಧಕರಿಗೆ ಉಚಿತವಾಗಿ ಹಂಚಿಸಿದನು. ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ನೆನೆಯುವ ನಮಗೆ ಈ ಶಾಸ್ತ್ರದಾನದ ಶ್ರದ್ಧೆ ಅರ್ಥವಾಗದಿರದು.

ಆ 1910ರಲ್ಲಿಯೇ ಅಲ್ಲಿನ ಪ್ರೆಸ್ಬಿಟೇರಿಯನ್ ಮಹಾಸಭೆ ಐದು ತತ್ತ್ವಗಳನ್ನು ಅನಿವಾರ್ಯವೆಂದು ಸಾರಿತು: ಬೈಬಲಿನ ನಿರ್ದೋಷತ್ವ, ಕ್ರಿಸ್ತನ ಕನ್ಯಾಜನನ, ಮಾನವರ ಪಾಪಕ್ಕೆ ಆತನ ಪ್ರಾಯಶ್ಚಿತ್ತ ಮರಣ, ದೇಹಸಹಿತ ಪುನರುತ್ಥಾನ, ಆತನ ಪವಾಡಗಳ ಸತ್ಯತೆ. ಅನಂತರದ ಪಟ್ಟಿಗಳಲ್ಲಿ ಆತನ ಪುನರಾಗಮನವೂ ಸೇರಿತು. ಅದೇ ವರ್ಷ ಬೆಂಗಳೂರಿನಲ್ಲಿ ಹಲವು ಪ್ರಾಟೆಸ್ಟಂಟ್ ಪಂಗಡಗಳು ಕೂಡಿ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜನ್ನು ಸ್ಥಾಪಿಸಿದುವು. ಒಂದೆಡೆ ಗಡಿ ಬಿಗಿಯಾಗುತ್ತಿದ್ದಾಗ ಇನ್ನೊಂದೆಡೆ ಪಂಗಡಗಳು ಒಂದಾಗುತ್ತಿದ್ದುವೆಂಬುದು ಗಮನಾರ್ಹ.

ಮೊದಲ ತತ್ತ್ವ ನಮಗೆ ತೀರ ಅಪರಿಚಿತವಲ್ಲ. ಸರ್ವಜ್ಞವಾಣಿ ನಿರ್ದೋಷವೆಂದು ನಾವೂ ನಂಬುತ್ತೇವೆ. ಆದರೆ ಅದನ್ನು ಓದುವ ನಾವು ಛದ್ಮಸ್ಥರು. ಅಂಗಾಗಮಗಳು ಬಹುಮಟ್ಟಿಗೆ ಲುಪ್ತವಾದುವೆಂದು ದಿಗಂಬರ ಪರಂಪರೆಯೇ ಒಪ್ಪುತ್ತದೆ. ಆದುದರಿಂದ ಗ್ರಂಥ ನಿರ್ದೋಷವಾದರೂ ನಮ್ಮ ಅರ್ಥಗ್ರಹಣ ನಿರ್ದೋಷವೆನ್ನಲಾಗದು. ಈ ಎರಡನ್ನೂ ಒಂದೆಂದು ಎಣಿಸುವುದೇ ಏಕಾಂತ.

ನಿಜವಾದ ಭೇದವಿರುವುದು ಪ್ರಾಯಶ್ಚಿತ್ತದಲ್ಲಿ. ವ್ಯಾಪಾರದಲ್ಲಿ ಒಬ್ಬನ ಸಾಲವನ್ನು ಜಾಮೀನುದಾರನು ತೀರಿಸಿದರೆ ಸಾಲಗಾರನ ಖಾತೆ ಮುಗಿಯುತ್ತದೆ. ಕರ್ಮ ಅಂತಹ ಸಾಲವಲ್ಲ. ಅದು ಜೀವದ ಸ್ವಂತ ಕಷಾಯಗಳಿಂದ ಬಂದ ಬಂಧ. ಒಬ್ಬನು ಪಥ್ಯವಿದ್ದರೆ ಮತ್ತೊಬ್ಬನ ರೋಗ ವಾಸಿಯಾಗದು. ಈ ತತ್ತ್ವವನ್ನು ನಾವು ಒಪ್ಪಲಾರೆವು. ಎಲ್ಲ ಮತಗಳೂ ಒಂದನ್ನೇ ಹೇಳುತ್ತವೆಂಬ ಸುಲಭೋಕ್ತಿ ಅನೇಕಾಂತವಲ್ಲ.

ಆದರೂ ಆ ಶ್ರದ್ಧಾಳುವಿನ ಆಕ್ಷೇಪವನ್ನು ಕೇಳಬೇಕು. ಸ್ವಂತ ತಪಸ್ಸಿನಿಂದಲೇ ಉದ್ಧಾರವೆಂಬವನಿಗೆ ತಪಸ್ಸಿನ ಮದ ಬಾರದೆ? ನೊಂದವನಿಗೆ ‘ನಿನ್ನ ಕರ್ಮ’ ಎಂದು ಹೇಳಿ ಬಾಗಿಲು ಮುಚ್ಚುವ ನಿರ್ದಯತೆ ಹುಟ್ಟದೆ? ಇದು ನಮ್ಮ ಮನೆಗಳಿಗೂ ಬಸದಿಗಳ ಆಡಳಿತಕ್ಕೂ ತಾಗುವ ಪ್ರಶ್ನೆ. ಮಾನವೂ ಕಷಾಯವೇ, ಅನುಕಂಪೆ ಸಮ್ಯಕ್ತ್ವದ ಲಕ್ಷಣ. ಪರರ ಕರ್ಮವನ್ನು ನಾವು ತೀರಿಸಲಾರೆವು, ಹಸಿವನ್ನು ನೀಗಿಸಬಲ್ಲೆವು.

ಬಾಸೆಲ್ ಮಿಷನ್ನಿನ ಕಿಟೆಲ್ ತನ್ನ ಮತದಲ್ಲಿ ದೃಢನಾಗಿದ್ದೂ 1872ರಲ್ಲಿ ಜೈನ ವೈಯಾಕರಣ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದನು. ದೃಢತೆ ದೋಷವಲ್ಲ, ಕಿವಿ ಮುಚ್ಚಿದ ದೃಢತೆ ದೋಷ. ಅದು ಯಾವ ಮತದಲ್ಲಿದ್ದರೂ ತ್ಯಾಜ್ಯ. ನಮ್ಮಲ್ಲಿದ್ದರೆ ಮೊದಲು ತ್ಯಾಜ್ಯ.