ತಿಗರಿ ತಾನಾಗಿ ನಿಲ್ಲುವುದಿಲ್ಲ

ಅರಿವು ಕರ್ಮವನ್ನೆಲ್ಲ ಸುಡುವುದಾದರೆ, ಅರಿವು ಮೂಡಿದ ಕ್ಷಣದಲ್ಲೇ ಜ್ಞಾನಿಯ ದೇಹ ಬೀಳಬೇಕಿತ್ತಲ್ಲ? ವೇದಾಂತಕ್ಕೆ ಎದುರಾದ ಹಳೆಯ ಆಕ್ಷೇಪಗಳಲ್ಲಿ ಇದೂ ಒಂದು. ಸಾಂಖ್ಯಕಾರಿಕೆಯಲ್ಲಿ ಈಶ್ವರಕೃಷ್ಣನೂ ಬ್ರಹ್ಮಸೂತ್ರಭಾಷ್ಯದ ನಾಲ್ಕನೆಯ ಅಧ್ಯಾಯದಲ್ಲಿ ಶಂಕರರೂ ಇದಕ್ಕೆ ಕುಂಬಾರನ ತಿಗರಿಯ ದೃಷ್ಟಾಂತವನ್ನೇ ಕೊಡುತ್ತಾರೆ. ಕುಂಬಾರ ಕೈ ತೆಗೆದ ಮೇಲೂ ತಿಗರಿ ತಿರುಗುತ್ತಿರುತ್ತದೆ. ಹಾಗೆಯೇ ಫಲ ಕೊಡಲು ತೊಡಗಿದ ಪ್ರಾರಬ್ಧ ಅದರ ವೇಗ ಕ್ಷಯಿಸುವವರೆಗೆ ದೇಹವನ್ನು ನಡೆಸುತ್ತದೆ. ಶಂಕರರ ಮಾತಿನಲ್ಲಿ ಅದಕ್ಕಾಗಿ ಕಾಯಬೇಕೆಂಬ ಸೂಚನೆಯೂ ಇದೆ. ಇಲ್ಲಿಂದಲೇ ಜನರಲ್ಲಿ ಒಂದು ಸಮಾಧಾನ ಬೆಳೆದಿದೆ: ಪ್ರಾರಬ್ಧ ಕಾಲ ಕಳೆದಂತೆ ತಾನೇ ಸವೆಯುತ್ತದೆ, ನಾವು ಸುಮ್ಮನಿದ್ದರೆ ಸಾಕು. ಈ ಸಮಾಧಾನ ತಿಗರಿಯನ್ನು ಅರ್ಧ ಮಾತ್ರ ನೋಡಿದ್ದರಿಂದ ಹುಟ್ಟಿದ್ದು ಎಂಬುದು ನನ್ನ ವಾದ.

ಕಣ್ಣಿಗೆ ಕಾಣುವಂತೆ ಚಲಿಸುವುದೆಲ್ಲ ದಣಿದು ನಿಲ್ಲುತ್ತದೆ. ದಣಿವು ವಸ್ತುವಿನೊಳಗಿನದಲ್ಲ ಎಂಬುದನ್ನು ಗೆಲಿಲಿಯೋ ಇಳಿಜಾರು ಹಲಗೆಗಳ ಮೇಲೆ ಗುಂಡುಗಳನ್ನು ಉರುಳಿಸಿ ಕಂಡುಕೊಂಡ. 1687ರಲ್ಲಿ ನ್ಯೂಟನ್ ಅದನ್ನು ನಿಯಮವಾಗಿಸಿದ. ತಡೆಯಿಲ್ಲದಿದ್ದರೆ ವೇಗ ಇಳಿಯದು. ತಿಗರಿಯನ್ನು ನಿಲ್ಲಿಸುವುದು ಅದರ ಕೀಲಿನ ಉಜ್ಜಾಟ ಮತ್ತು ಗಾಳಿ. ಹೋದ ವೇಗ ಮಾಯವಾಗದೆ ಕೀಲಿನಲ್ಲಿ ಬಿಸಿಯಾಗಿ ಉಳಿಯುತ್ತದೆ. ಈ ನಿಯಮದ ಮೇಲೆ ವಿಜ್ಞಾನಿಗಳು ಇಟ್ಟ ಭರವಸೆಗೆ ಪಯೋನೀರ್ ಬಾಹ್ಯಾಕಾಶ ನೌಕೆಗಳ ಕಥೆ ಸಾಕ್ಷಿ. 1972 ಮತ್ತು 1973ರಲ್ಲಿ ಹೊರಟ ಆ ಎರಡು ನೌಕೆಗಳು, ಸೂರ್ಯನ ಸೆಳೆತವನ್ನು ಲೆಕ್ಕ ಹಾಕಿದ ಮೇಲೂ, ಅತಿ ಸೂಕ್ಷ್ಮವಾಗಿ ನಿಧಾನಗೊಳ್ಳುತ್ತಿದ್ದವು. ಆ ಮಂದಗತಿ ಸೆಕೆಂಡು ಸೆಕೆಂಡಿಗೆ ಒಂದು ಮೀಟರಿನ ನೂರು ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ. ಇಷ್ಟು ಸಣ್ಣದನ್ನೂ ‘ತಾನಾಗಿ ಆಯಿತು’ ಎಂದು ಯಾರೂ ಬಿಡಲಿಲ್ಲ. ನೌಕೆಯಿಂದ ಹೊರಬೀಳುವ ಶಾಖ ಒಂದೇ ಕಡೆಗೆ ಹೆಚ್ಚಾಗಿ ಚೆಲ್ಲಿ ಅದನ್ನು ಹಿಂದಕ್ಕೆ ನೂಕುತ್ತಿತ್ತು ಎಂಬುದು 2012ರಲ್ಲಿ ತೀರ್ಮಾನವಾಯಿತು. ಭೂಮಿಯ ತಿರುಗಾಟವೂ ಹಾಗೆಯೇ. ಉಬ್ಬರವಿಳಿತದ ಎಳೆತದಿಂದ ದಿನ ಶತಮಾನಕ್ಕೆ ಸುಮಾರು ಎರಡು ಮಿಲಿಸೆಕೆಂಡಿನಷ್ಟು ಉದ್ದವಾಗುತ್ತಿದೆ. ಭೂಮಿ ಕಳೆದುಕೊಂಡದ್ದನ್ನು ಪಡೆದ ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. ಇನ್ನೊಂದಕ್ಕೆ ಕೊಡದೆ ವೇಗ ಇಳಿದ ಉದಾಹರಣೆ ಜಗತ್ತಿನಲ್ಲಿ ಇಲ್ಲ. ಕಾಲ ಆ ಕೊಡುಕೊಳೆಗೆ ಜಾಗ ಮಾಡಿಕೊಡುತ್ತದೆಯೇ ಹೊರತು ತಾನೇ ಏನನ್ನೂ ಸವೆಸುವುದಿಲ್ಲ.

ಇದು ಪಶ್ಚಿಮದ ವಿಜ್ಞಾನವನ್ನು ನಮ್ಮ ಶಾಸ್ತ್ರದ ಮೇಲೆ ಹೇರಿದಂತಲ್ಲವೇ ಎಂದು ಕೇಳಬಹುದು. ಅಲ್ಲ. ವೈಶೇಷಿಕರ ಪ್ರಶಸ್ತಪಾದ ವೇಗವನ್ನು ಒಂದು ಸಂಸ್ಕಾರವೆಂದು ಎಣಿಸಿ, ಸ್ಪರ್ಶಗುಣವುಳ್ಳ ದ್ರವ್ಯಗಳ ವಿಶೇಷ ಸಂಯೋಗವೇ ಅದಕ್ಕೆ ವಿರೋಧಿ ಎಂದಿದ್ದಾನೆ. ವೇಗವಿರುವ ಐದು ದ್ರವ್ಯಗಳಲ್ಲಿ ಪೃಥ್ವಿ, ಅಪ್ಪು, ತೇಜಸ್ಸು, ವಾಯುಗಳ ಜೊತೆಗೆ ಮನಸ್ಸನ್ನೂ ಸೇರಿಸಿದ್ದಾನೆ. ವೇದಾಂತವೂ ಪ್ರಾರಬ್ಧ ಬರಿಯ ಕಾಲದಿಂದ ಕರಗುತ್ತದೆ ಎನ್ನುವುದಿಲ್ಲ. ಭೋಗದಿಂದ ಕ್ಷಯಿಸುತ್ತದೆ ಎನ್ನುತ್ತದೆ. ಭೋಗವೆಂದರೆ ಲೋಕದ ಜೊತೆಗಿನ ಸಂಪರ್ಕವೇ. ‘ಮಾಡಿದ್ದುಣ್ಣೋ ಮಹಾರಾಯ’ ಎನ್ನುವ ಗಾದೆಯೂ ಉಣ್ಣು ಎನ್ನುತ್ತದೆ, ಕಾದು ಕೂರು ಎನ್ನುವುದಿಲ್ಲ.

ದೃಷ್ಟಾಂತವನ್ನು ಇಷ್ಟು ಹಿಂಡಬಾರದು, ಹೋಲಿಕೆ ಉದ್ದೇಶಿಸಿದ ಅಂಶಕ್ಕೆ ಮಾತ್ರ ಎಂದು ಶಂಕರರೇ ಬೇರೆಡೆ ಹೇಳಿದ್ದಾರೆ. ಒಪ್ಪುತ್ತೇನೆ, ತಿಗರಿಯಿಂದ ನಾನು ಕರ್ಮಸಿದ್ಧಾಂತವನ್ನು ಸಾಧಿಸುತ್ತಿಲ್ಲ. ಆದರೆ ‘ತಾನೇ ಸವೆಯುತ್ತದೆ’ ಎನ್ನುವವರು ಆಸರೆ ಪಡೆದದ್ದು ಈ ತಿಗರಿಯಿಂದಲೇ, ಮತ್ತು ಆ ಆಸರೆಯನ್ನು ಅದು ಕೊಡುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಲೋಕದ ಸಂಪರ್ಕದಿಂದಲೇ ಹೊಸ ಕರ್ಮವೂ ಹುಟ್ಟುತ್ತದಲ್ಲ, ಅದರಿಂದಲೇ ಹಳೆಯದು ಸವೆಯುವುದು ಹೇಗೆ? ಉತ್ತರ ಚಲನೆಯ ನಿಯಮದಲ್ಲೇ ಇದೆ. ವೇಗ ಹೆಚ್ಚಿಸುವ ಬಲ ಒಂದು ಜಾತಿ, ತಗ್ಗಿಸುವ ಬಲ ಇನ್ನೊಂದು ಜಾತಿ ಎಂದಿಲ್ಲ, ವ್ಯತ್ಯಾಸವಿರುವುದು ದಿಕ್ಕಿನಲ್ಲಿ. ತಿರುಗುವ ಕಡೆಗೇ ನೂಕಿದ ಕೈ ತಿಗರಿಯನ್ನು ಓಡಿಸುತ್ತದೆ, ಎದುರಾಗಿ ಒತ್ತಿದ ಕೈ ನಿಲ್ಲಿಸುತ್ತದೆ. ಬೈದವನಿಗೆ ತಿರುಗಿ ಬೈದರೆ ಹಳೆಯ ಸಿಟ್ಟಿಗೆ ಹೊಸ ನೂಕು ಸಿಗುತ್ತದೆ. ಅದೇ ಮಾತನ್ನು ಕೇಳಿಸಿಕೊಂಡು ಸಹಿಸಿದರೆ ಸಿಟ್ಟು ಅಷ್ಟರಮಟ್ಟಿಗೆ ಖರ್ಚಾಗುತ್ತದೆ. ಬೈಯುವವರೇ ಇಲ್ಲದ ಗುಹೆಯಲ್ಲಿ ಅದು ಹೆಚ್ಚುವುದೂ ಇಲ್ಲ, ಖರ್ಚಾಗುವುದೂ ಇಲ್ಲ.

ಏಕಾಂತವೇ ವ್ಯರ್ಥ ಎಂದು ಇದರ ಅರ್ಥವಲ್ಲ. ಏಕಾಂತ ಹೊಸ ನೂಕನ್ನು ನಿಲ್ಲಿಸುತ್ತದೆ. ಆ ಕೆಲಸ ದೊಡ್ಡದು, ಆದರೆ ಅರ್ಧ ಕೆಲಸ. ಉಳಿದರ್ಧ ಮನೆ, ಬೀದಿ, ಕಚೇರಿಗಳಲ್ಲಿ, ಮೈಗೆ ಮೈ ತಾಗುವ ಕಡೆಯಲ್ಲೇ ಆಗಬೇಕು. ಕಾಲವೇ ಎಲ್ಲವನ್ನೂ ಸರಿಮಾಡುತ್ತದೆ ಎಂದು ಕೈಕಟ್ಟಿ ಕೂತವರ ಪ್ರಾರಬ್ಧ ಸವೆಯುತ್ತಿಲ್ಲ, ಬರಿದೇ ತಿರುಗುತ್ತಿದೆ.